ಎಳೆ ಟಗರಿಗೆ ಹಿಂಡು ಬಿಡುವುದು ಯಾವಾಗ?

ನಮ್ಮದು ಲಿಂಗಸುಗೂರು ಕಡೆಯ ಕೆಂಗುರಿ, ಅಂದರೆ ಕೆಂಪು-ಕಂದು ಬಣ್ಣದ ಕುರಿ ತಳಿಯ ಹಿಂಡು. ಇಲ್ಲಿ ಚೆನ್ನಾಗಿ ಬೆಳೆದ ಗಂಡುಮರಿ ಬಕ್ರೀದ್ ಬಂದರೆ ಮೊದಲು ಮಾರಿಹೋಗುತ್ತದೆ. ಗಿರಾಕಿ ಸಿಗದೆ ಉಳಿದದ್ದೇ ಹಿಂಡಿನ ಟಗರಾಗುತ್ತದೆ. ಒಳ್ಳೆಯ ತಳಿ ಸಂತೆಗೆ ಹೋಯಿತು, ಸಾಧಾರಣದ್ದು ನಮಗೆ ಉಳಿಯಿತು. ಇದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಮೂರು ತಿಂಗಳಿಗೇ ಒಂದೆರಡು ಮರಿ ಗುರುತು ಮಾಡಿಬಿಡುತ್ತೇನೆ. ನಮ್ಮ ಮಾವನೂ ತಮ್ಮ ಹಿಂಡಿನಲ್ಲಿ ಹಾಗೇ ಮಾಡುತ್ತಾರೆ. ಆಮೇಲೆ ಅದಲು ಬದಲು ಮಾಡಿಕೊಳ್ಳುತ್ತೇವೆ. ಒಂದೇ ರಕ್ತ ಕೂಡಬಾರದು.

ಮರಿಗಿಂತ ಮೊದಲು ಅದರ ತಾಯಿಯನ್ನು ನೋಡುತ್ತೇನೆ. ತಪ್ಪದೆ ಈಯುತ್ತಾಳಾ, ಮರಿಗೆ ಹಾಲು ಸಾಲುತ್ತದಾ, ದೂರ ಮೇಯಲು ಹೋದರೂ ಕುಂಟುವುದಿಲ್ಲವಾ? ಮರಿಯ ತೂಕವನ್ನು ಮಾತ್ರ ನಂಬುವುದಿಲ್ಲ. ಅವಳಿ ಮರಿ ಹಾಲು ಹಂಚಿಕೊಂಡು ಬೆಳೆದಿರುತ್ತದೆ. ಸ್ವಲ್ಪ ಸಣ್ಣದಿದ್ದರೆ ಅದರ ತಪ್ಪಲ್ಲ, ಅಲ್ವಾ?

ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದ ಮೇಲೆ, ಸುಮಾರು ಒಂದೂವರೆ ವರ್ಷಕ್ಕೆ, ಕೈಯಿಂದ ಮುಟ್ಟಿ ನೋಡುತ್ತೇನೆ. ಬೀಜ ಎರಡೂ ಸಮ ಇರಬೇಕು, ಗಂಟು ಇರಬಾರದು. ಕೆಳಹಲ್ಲು ಮೇಲಿನ ಒಸಡಿಗೆ ಸರಿಯಾಗಿ ಕೂರಬೇಕು. ಕೊಂಬು ಕೆನ್ನೆಗೆ ಒತ್ತಬಾರದು.

"ಅಣ್ಣಾ, ಇಷ್ಟು ಚೆಂದ ಐತಿ, ಎಲ್ಲಾ ಕುರಿಗೂ ಬಿಟ್ಟುಬಿಡು" ಅಂತ ತಮ್ಮ ಹೇಳುತ್ತಾನೆ. ನಾನು ಬಿಡುವುದಿಲ್ಲ. ಮೊದಲ ಸಲ 15 ಕುರಿ ಮಾತ್ರ. ಅವೂ ಹಳೆಯ ಕುರಿಗಳು. ಹಿಂದೆ ಎಂಥ ಮರಿ ಹಾಕಿವೆ ಅಂತ ನನಗೆ ಗೊತ್ತಿರುವಂಥವು. ಉಳಿದವು ಹಳೆ ಟಗರಿನ ಜೊತೆ ಬೇರೆ ಇರುತ್ತವೆ.

ಮಳೆ ಬಿದ್ದ ಮೇಲೆ ಬಿಡುವುದಾದರೂ ತಯಾರಿ ಏಪ್ರಿಲ್‌ನಿಂದಲೇ. ಟಗರಿನ ವೀರ್ಯ ತಯಾರಾಗಲು ಸುಮಾರು 7 ವಾರ ಬೇಕು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೇ ತಿಂಗಳಲ್ಲಿ ಬಿಸಿಲಿಗೆ ಬಳಲಿದ ಟಗರು ಜೂನ್‌ನಲ್ಲಿ ಕುರಿ ಹತ್ತಿದರೂ ಗಬ್ಬ ನಿಲ್ಲದೆ ಹೋಗಬಹುದು. ಹಾಗಾಗಿ ಮಧ್ಯಾಹ್ನ ಅದನ್ನು ಬೇವಿನ ನೆರಳು ಬಿಟ್ಟು ಕಳಿಸುವುದಿಲ್ಲ.

ಬಿಟ್ಟಾಗ ಅದರ ಎದೆಗೆ ಹಳದಿ ಬಣ್ಣವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತೇನೆ. ಕೆಂಗುರಿಯ ಮೈಮೇಲೆ ಕೆಮ್ಮಣ್ಣು ಕಾಣುವುದಿಲ್ಲ. ಹತ್ತಿದ ಕುರಿಯ ಬೆನ್ನಿಗೆ ಬಣ್ಣ ಅಂಟುತ್ತದೆ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅಷ್ಟು ದಿನ ಕಳೆದ ಮೇಲೆ ಟಗರಿನ ಎದೆಗೆ ಬಿಳಿ ಬಣ್ಣ ಹಚ್ಚುತ್ತೇನೆ. ಹಳದಿ ಬಿದ್ದ ಕುರಿಗಳಲ್ಲಿ ಜಾಸ್ತಿ ಕುರಿಗೆ ಮತ್ತೆ ಬಿಳಿ ಬಿದ್ದರೆ ಟಗರಿನಲ್ಲೇ ಏನೋ ಕೊರತೆ ಇದೆ.

ಐದು ತಿಂಗಳಿಗೆ ಮರಿ ಬೀಳುತ್ತವೆ. ಆಗ ಒಂದು ಚೆಂದದ ಮರಿ ನೋಡಿ ಕುಣಿಯಬಾರದು. ಎಲ್ಲಾ ಮರಿಗಳನ್ನೂ ಒಟ್ಟಿಗೆ ನೋಡಬೇಕು. ಹುಟ್ಟಿದ ಕೂಡಲೇ ಎದ್ದು ಮೊಲೆ ಹುಡುಕುತ್ತವಾ? ಮೂರು ತಿಂಗಳಿಗೆ ತೂಗಿ, ಅದೇ ವರ್ಷ ಹಳೆ ಟಗರಿಗೆ ಹುಟ್ಟಿದ ಮರಿಗಳ ಪಕ್ಕ ನಿಲ್ಲಿಸುತ್ತೇನೆ. ಹೋದ ವರ್ಷದ ಮರಿಗಳ ಜೊತೆ ಮಾತ್ರ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮಳೆ ಬೇರೆ, ಮೇವು ಬೇರೆ.

ಎಳೆಯವನ ಮರಿಗಳು ಸರಿಸಮ ನಿಂತರೂ ಸಾಕು, ಮುಂದಿನ ಮಳೆಗೆ ಹಿಂಡನ್ನು ಅದಕ್ಕೆ ಬಿಡುತ್ತೇನೆ. ಹಿಂದೆ ಬಿದ್ದರೆ ಅದು ಬಕ್ರೀದ್‌ಗೆ ಹೋಗುತ್ತದೆ. ಹೀಗೆ ಉಳಿಸಿಕೊಂಡ ಟಗರನ್ನೂ ಅದರ ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಇನ್ನೊಂದು ಹಿಂಡಿಗೆ ಕೊಡುತ್ತೇನೆ.