ಗುಡಿಬಂಡೆ ಕಡೆಯ ಹೊಲದಿಂದ ಒಂದು ಜೋಡಿ ನಕ್ಷತ್ರ ಅಳೆದದ್ದು

ನನ್ನ ಕೆಲಸ ಜಮೀನು ಅಳೆಯುವುದು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪರವಾನಗಿ ಭೂಮಾಪಕ. ಹಗಲೆಲ್ಲ ಪೋಡಿ (ಜಮೀನು ಪಾಲು ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು), 11ಇ ನಕ್ಷೆ (ಜಮೀನಿನ ಭಾಗ ಮಾರುವ ಮುಂಚೆ ಬೇಕಾದ ನಕ್ಷೆ). ರಾತ್ರಿ ಹೊತ್ತು ಟೆಲಿಸ್ಕೋಪ್ ಹಿಡಿಯೋದು ಹವ್ಯಾಸ. 70 ಉರಗಧರ (ಇಂಗ್ಲಿಷಿನಲ್ಲಿ 70 Ophiuchi) ಅಂತ ಒಂದು ಜೋಡಿ ನಕ್ಷತ್ರವಿದೆ, ಒಂದನ್ನೊಂದು ಸುತ್ತುವ ಎರಡು ನಕ್ಷತ್ರ. ಅದರ ಎರಡು ಚುಕ್ಕೆಗಳ ನಡುವಿನ ಅಂತರ, ದಿಕ್ಕು ಎರಡನ್ನೂ ನಾನೇ ಅಳೆದೆ. ಆಮೇಲೆ ಅವೆರಡರ ತೂಕ ಎಷ್ಟು ಅಂತ ಲೆಕ್ಕ ಹಾಕಿದೆ. ಅದನ್ನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಹತ್ತನೇ ತರಗತಿ ಗಣಿತ ಮರೆಯದವರು ಯಾರು ಬೇಕಾದರೂ ಮಾಡಬಹುದು.

ಈ ನಕ್ಷತ್ರ ಮಂಕು. ಎರಡೂ ಸೇರಿ ಬರಿಗಣ್ಣಿಗೆ ಒಂದೇ ಚುಕ್ಕೆ, ಕಾಂತಿಮಾನ ಸುಮಾರು 4. ಕಾಂತಿಮಾನ ಅಂದರೆ ಹೊಳಪಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಚಿಕ್ಕಬಳ್ಳಾಪುರ ಊರೊಳಗೆ ನಿಂತು ಹುಡುಕಿದರೆ ಸಿಗುವುದು ಕಷ್ಟ. ದಕ್ಷಿಣಕ್ಕೆ ದೇವನಹಳ್ಳಿ ವಿಮಾನ ನಿಲ್ದಾಣದ ಬೆಳಕು, ಅದರಾಚೆ ಇಡೀ ಬೆಂಗಳೂರಿನದು. ಅದು ಸಾಲದು ಅಂತ ನಮ್ಮ ಕಡೆ ಸೇವಂತಿಗೆ ತೋಟಗಳಲ್ಲಿ ರಾತ್ರಿಯಿಡೀ ಸಾಲು ಸಾಲು ಬಲ್ಬು ಉರಿಯುತ್ತವೆ. ಹೂವು ಬೇಗ ಬಿಡದೆ ಗಿಡ ಬೆಳೆಯಲಿ ಅಂತ. ರೈತನಿಗೆ ಅದು ಬೇಕು, ನನಗೆ ಬೇಡ. ಹಾಗಾಗಿ ಗುಡಿಬಂಡೆ ಕಡೆ ಪರಿಚಯದವರ ಹೊಲಕ್ಕೆ ಹೋಗುತ್ತೇನೆ. ಅಲ್ಲಿ ಕತ್ತಲು ಚೆನ್ನಾಗಿದೆ. ಸಿಮೆಂಟಿನ ತಾರಸಿಗಿಂತ ಹೊಲವೇ ವಾಸಿ. ತಾರಸಿ ಹಗಲು ಕಾದದ್ದು ಮಧ್ಯರಾತ್ರಿವರೆಗೂ ಬಿಸಿ ಬಿಡುತ್ತಿರುತ್ತದೆ, ನಕ್ಷತ್ರ ಕುದಿಯುವ ಹಾಗೆ ಕಾಣುತ್ತದೆ.

ಹುಡುಕುವುದು ಹೀಗೆ. ಶ್ರವಣ ನಕ್ಷತ್ರದ ಪಶ್ಚಿಮಕ್ಕೆ ಉರಗಧರ ಪುಂಜ. ಅದರ ಪೂರ್ವದ ಭುಜದಲ್ಲಿ ಬೀಟಾ, ಗ್ಯಾಮಾ ಎಂಬ ಎರಡು ನಕ್ಷತ್ರ ಹತ್ತಿರ ಹತ್ತಿರ ಇವೆ. ಗ್ಯಾಮಾದಿಂದ ನೇರ ಪೂರ್ವಕ್ಕೆ 4 ಡಿಗ್ರಿ ಚಿಲ್ಲರೆ ಹೋದರೆ ನಮ್ಮ 70. ಅದರ ಜೊತೆ 66, 67, 68 ಸೇರಿ ಇಂಗ್ಲಿಷಿನ ವಿ ಆಕಾರ ಕಾಣುತ್ತದೆ. 1777ರಲ್ಲಿ ಪೊಚೊಬುಟ್ ಎಂಬ ಖಗೋಳಜ್ಞ ಈ ವಿ ಅನ್ನು ಹೋರಿಯ ಮುಖ ಅಂದುಕೊಂಡು, ಪೋಲೆಂಡಿನ ರಾಜ ಪೊನಿಯಾಟೊವ್‌ಸ್ಕಿಯ ಹೆಸರಲ್ಲಿ ಬೇರೆ ಪುಂಜವನ್ನೇ ಮಾಡಿದ್ದ. ರಾಜನ ರಾಜ್ಯವೂ ಉಳಿಯಲಿಲ್ಲ, ಪುಂಜವೂ ಉಳಿಯಲಿಲ್ಲ. ಈಗ ಅದೆಲ್ಲ ಮತ್ತೆ ಉರಗಧರದ ಪಾಲು.

ಹೆಸರಿನ ವಿಚಾರ ಸ್ವಲ್ಪ ಹೇಳಲೇಬೇಕು. ಈ ಒಂದು ಚುಕ್ಕೆಗೆ ಇರುವ ಹೆಸರುಗಳನ್ನು ನೋಡಿದರೆ ಹೊಸಬರು ಗಾಬರಿಯಾಗುತ್ತಾರೆ. ನನಗೆ ಮಾತ್ರ ಮನೆಗೆ ಬಂದ ಹಾಗಾಯಿತು. ನಮ್ಮಲ್ಲೂ ಒಂದೇ ಜಮೀನಿಗೆ ಸರ್ವೆ ನಂಬರ್ ಒಂದು, ಖಾತೆ ನಂಬರ್ ಇನ್ನೊಂದು, ಊರವರ ಬಾಯಲ್ಲಿ ‘ಹುಣಸೆಮರದ ಹೊಲ’. ಯಾವುದೂ ಸುಳ್ಳಲ್ಲ. ಯಾವ ಕೆಲಸಕ್ಕೆ ಬರೆದ ರಿಜಿಸ್ಟರ್ ಅನ್ನುವುದರ ಮೇಲೆ ನಂಬರ್ ಬದಲಾಗುತ್ತದೆ, ಅಷ್ಟೇ.

70 ಅನ್ನುವುದು ಇಂಗ್ಲೆಂಡಿನ ಖಗೋಳಜ್ಞ ಫ್ಲಾಮ್‌ಸ್ಟೀಡ್ ಪಟ್ಟಿಯ ನಂಬರ್. ಒಂದೊಂದು ಪುಂಜದಲ್ಲೂ ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಎಣಿಸಿದ್ದು. ನಂಬರ್ ಹಾಕಿದವನು ಫ್ಲಾಮ್‌ಸ್ಟೀಡ್ ಅಲ್ಲ, ಅವನ ಪಟ್ಟಿಯನ್ನು 1783ರಲ್ಲಿ ಮತ್ತೆ ಅಚ್ಚು ಹಾಕಿಸಿದ ಫ್ರಾನ್ಸಿನ ಲಲಾಂಡ್. ಸ್ಟ್ರೂವೆ 2272 ಅಂದರೆ ಜೋಡಿ ನಕ್ಷತ್ರಗಳದ್ದೇ ಪಟ್ಟಿ. ಈಗಿನ ಎಸ್ಟೋನಿಯಾದ ಟಾರ್ಟು ಊರಲ್ಲಿ ಕೂತು ಸ್ಟ್ರೂವೆ 1827ರಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜೋಡಿಗಳನ್ನು ಬರೆದಿಟ್ಟ. ಎಚ್‌ಡಿ 165341 ಹಾರ್ವರ್ಡ್‌ನ ಹೆನ್ರಿ ಡ್ರೇಪರ್ ಪಟ್ಟಿಯದು. ಅಲ್ಲಿ ಆನಿ ಕ್ಯಾನನ್ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿ ಜಾತಿ ವಿಂಗಡಿಸಿದರು. ಎಚ್‌ಐಪಿ 88601 ಹಿಪಾರ್ಕಸ್ ಉಪಗ್ರಹದ್ದು, ದೂರ ಅಳೆದದ್ದು. ಗ್ಲೀಸ 702 ಅಂದರೆ ಸೂರ್ಯನ ನೆರೆಹೊರೆಯವರ ಪಟ್ಟಿ. ಆ ಪಟ್ಟಿಯಲ್ಲಿ ಹೆಸರಿದ್ದರೇ ಹತ್ತಿರದವನು ಅಂತ ಗೊತ್ತಾಗುತ್ತದೆ.

ಇನ್ನೊಂದು ಹೆಸರು ವಿ2391 ಉರಗಧರ. ಇದು ಬೆಳಕು ಹೆಚ್ಚು ಕಡಿಮೆ ಆಗುವ ನಕ್ಷತ್ರಗಳಿಗೆ ಕೊಡುವ ನಂಬರ್. ಒಂದು ಪುಂಜದಲ್ಲಿ ಮೊದಲು ಸಿಕ್ಕ 334 ನಕ್ಷತ್ರಗಳಿಗೆ ಬರೀ ಅಕ್ಷರಗಳು, ಅವು ಮುಗಿದ ಮೇಲೆ ವಿ335 ಇಂದ ಶುರು. ನಮ್ಮದರಲ್ಲಿ ವ್ಯತ್ಯಾಸ ತುಂಬ ಸಣ್ಣದು. ಮೇಲ್ಮೈಯಲ್ಲಿ ಸೂರ್ಯನಿಗೆ ಇರುವಂಥ ಕಲೆಗಳಿವೆ, ನಕ್ಷತ್ರ ತಿರುಗಿದಂತೆ ಅವು ಮುಂದೆ ಬರುತ್ತವೆ, ಹಿಂದೆ ಹೋಗುತ್ತವೆ.

1779ರಲ್ಲಿ ವಿಲಿಯಂ ಹರ್ಷೆಲ್ ಇದು ಒಂದಲ್ಲ, ಎರಡು ಅಂತ ಕಂಡ. ಅಲ್ಲಿಗೆ ಪೋಡಿ ಆಯಿತು. ಜಾಸ್ತಿ ಹೊಳೆಯುವುದು ಎ, ಮಂಕಾದ್ದು ಬಿ. ನನ್ನ ಸಹಾಯಕ್ಕೆ ಬರುವ ಹುಡುಗ ಹಗಲು ಪ್ರಿಸಂ ಹಿಡಿಯುತ್ತಾನೆ, ರಾತ್ರಿ ಟಾರ್ಚು ಹಿಡಿಯುತ್ತಾನೆ. ಇಷ್ಟನ್ನೂ ಕೇಳಿ ಅವನು ಅಂದದ್ದು ಒಂದೇ ಮಾತು: “ಇಷ್ಟು ಪಹಣಿ ಇದ್ಮೇಲೆ ಕೇಸ್ ಇಲ್ದೇ ಇರುತ್ತಾ ಸಾರ್?”

ಕೇಸ್ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಅಳತೆ.

ಎ, ಬಿ ನಡುವೆ ಈಗ ಸುಮಾರು 6.7 ಸೆಕೆಂಡ್ ಅಂತರ. ಗಡಿಯಾರದ ಸೆಕೆಂಡ್ ಅಲ್ಲ, ಕೋನದ ಸೆಕೆಂಡ್, ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ. ಒಂದು ಕಿಲೋಮೀಟರ್ ದೂರದಲ್ಲಿ ಮೂರು ಸೆಂಟಿಮೀಟರ್ ಚಿಲ್ಲರೆ ಅಗಲ ಎಷ್ಟು ಕಾಣುತ್ತದೋ ಅಷ್ಟು. ನಾವು ಹೊಲದಲ್ಲಿ ಬಳಸುವ ಟೋಟಲ್ ಸ್ಟೇಷನ್‌ನ ನಿಖರತೆ ಸಾಮಾನ್ಯವಾಗಿ 5 ಸೆಕೆಂಡ್. ಅದರಲ್ಲಿ ಇದು ಆಗದ ಕೆಲಸ. ನನ್ನ ಹತ್ತಿರ ಇರುವುದು 6 ಇಂಚಿನ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್, ಫೋಕಲ್ ಲೆಂತ್ 1200 ಮಿಲಿಮೀಟರ್. ಮೋಟಾರ್ ಇಲ್ಲ, ಕೈಯಲ್ಲಿ ತಳ್ಳಬೇಕು. ಅದಕ್ಕೆ ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುವ ಬಾರ್ಲೋ ಲೆನ್ಸ್ ಮತ್ತು ಗ್ರಹಗಳ ವಿಡಿಯೋ ತೆಗೆಯುವ ಸಣ್ಣ ಕ್ಯಾಮೆರಾ.

ಮೋಟಾರ್ ಇಲ್ಲದಿರುವುದೇ ಇಲ್ಲಿ ಅನುಕೂಲ. ಟೆಲಿಸ್ಕೋಪ್ ಅಲುಗಾಡದಂತೆ ಬಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರ ತಾನಾಗಿಯೇ ಚಿತ್ರದ ಒಂದು ಅಂಚಿಂದ ಇನ್ನೊಂದು ಅಂಚಿಗೆ ಸರಿಯುತ್ತದೆ. ಆಕಾಶದ ನಡುಗೆರೆಯ (ಭೂಮಧ್ಯರೇಖೆಯ ನೇರ ಮೇಲಿನ ಗೆರೆ) ಹತ್ತಿರ ಇರುವ ನಕ್ಷತ್ರ ಗಡಿಯಾರದ ಒಂದು ಸೆಕೆಂಡಿಗೆ ಕೋನದ 15 ಸೆಕೆಂಡ್ ಸರಿಯುತ್ತದೆ. 70 ಉರಗಧರ ಆ ಗೆರೆಯಿಂದ ಎರಡೂವರೆ ಡಿಗ್ರಿ ಮಾತ್ರ ಉತ್ತರಕ್ಕಿದೆ, ಹಾಗಾಗಿ ಹೆಚ್ಚು ಕಡಿಮೆ ಅದೇ ವೇಗ. ಅಂದರೆ ಆಕಾಶವೇ ನಮಗೆ ಅಳತೆಪಟ್ಟಿ ಕೊಟ್ಟ ಹಾಗೆ. ಸುಮ್ನೆ ವಿಡಿಯೋ ತೆಗೆದರೆ ಸಾಕು.

ನನ್ನ ಕ್ಯಾಮೆರಾದ ಚಿತ್ರ 1280 ಪಿಕ್ಸೆಲ್ ಅಗಲ. ನಕ್ಷತ್ರ ಅದನ್ನು ದಾಟಲು 27.4 ಸೆಕೆಂಡ್ ತೆಗೆದುಕೊಂಡಿತು. 15ರಿಂದ ಗುಣಿಸಿದರೆ ಚಿತ್ರದ ಅಗಲ ಕೋನದಲ್ಲಿ 411 ಸೆಕೆಂಡ್. ಒಂದು ಪಿಕ್ಸೆಲ್‌ಗೆ 0.32. ಅಳತೆಯ ಸ್ಕೇಲ್ ಸಿಕ್ಕಿತು. ನಕ್ಷತ್ರ ಸರಿದ ಗೆರೆಯೇ ಪೂರ್ವ-ಪಶ್ಚಿಮ ಗೆರೆ, ಹಾಗಾಗಿ ದಿಕ್ಕೂ ಸಿಕ್ಕಿತು. ಕ್ಯಾಮೆರಾ ಸೊಟ್ಟ ಕೂತಿದ್ದರೂ ಚಿಂತೆಯಿಲ್ಲ, ಆ ಗೆರೆಯನ್ನೇ ಆಧಾರ ಮಾಡಿಕೊಂಡರೆ ಆಯಿತು. ಗೆರೆಯಲ್ಲಿ ಮುಂದೆ ಹೋಗುವ ಕಡೆ ಪಶ್ಚಿಮ.

ಆಮೇಲೆ ವಿಡಿಯೋದ ಚೂಪಾದ ಫ್ರೇಮ್‌ಗಳನ್ನು ಮಾತ್ರ ಆರಿಸಿದೆ. ಗಾಳಿ ಅಲುಗಿದ ಕಡೆ ಎರಡು ಚುಕ್ಕೆಗಳೂ ಹಿಟ್ಟಿನ ಮುದ್ದೆ ಆಗಿರುತ್ತವೆ, ಅವು ಬೇಡ. ಎಕ್ಸ್‌ಪೋಶರ್ ಕಡಿಮೆ ಇಡಬೇಕು. ಎ ಚುಕ್ಕೆ ಉಬ್ಬಿದರೆ ಅದರ ನಡುಬಿಂದು ಎಲ್ಲಿ ಅಂತ ಹೇಳುವುದು ಕಷ್ಟ. ಒಳ್ಳೆಯ ಫ್ರೇಮ್‌ಗಳಲ್ಲಿ ಬಿ, ಎ ಹಿಂದೆ ಸರಾಸರಿ 18 ಪಿಕ್ಸೆಲ್ ಬರುತ್ತಿತ್ತು, ಅಂದರೆ ಪೂರ್ವಕ್ಕೆ. ಗೆರೆಯಿಂದ ದಕ್ಷಿಣಕ್ಕೆ 10 ಪಿಕ್ಸೆಲ್. ಇನ್ನೇನು, ಲಂಬಕೋನ ತ್ರಿಭುಜ. 18ರ ವರ್ಗ, 10ರ ವರ್ಗ ಕೂಡಿ ವರ್ಗಮೂಲ ತೆಗೆದರೆ 20.6 ಪಿಕ್ಸೆಲ್. 0.32ರಿಂದ ಗುಣಿಸಿದರೆ 6.6 ಸೆಕೆಂಡ್. ಪೂರ್ವದಿಂದ ದಕ್ಷಿಣಕ್ಕೆ ವಾಲಿದ ಕೋನ 29 ಡಿಗ್ರಿ. ಉತ್ತರದಿಂದ ಪೂರ್ವದ ಮೂಲಕ ಎಣಿಸಿದರೆ 90ಕ್ಕೆ 29 ಸೇರಿ 119 ಡಿಗ್ರಿ. ನಮ್ಮ ಸರ್ವೆಯ ಬೇರಿಂಗ್ ಇದ್ದ ಹಾಗೇ. ಒಂದೇ ವ್ಯತ್ಯಾಸ ಏನೆಂದರೆ ಆಕಾಶವನ್ನು ನಾವು ಕೆಳಗಿಂದ ನೋಡುತ್ತೇವಲ್ವಾ, ಅದಕ್ಕೆ ಉತ್ತರ ಮೇಲಿಟ್ಟರೆ ಪೂರ್ವ ಎಡಕ್ಕೆ ಬರುತ್ತದೆ. ನಕ್ಷೆ ಓದಿ ಅಭ್ಯಾಸ ಆದ ಕಣ್ಣಿಗೆ ಇದು ಸ್ವಲ್ಪ ಕಿರಿಕಿರಿ.

ಈ ನಕ್ಷತ್ರ ನಮ್ಮ ಜಿಲ್ಲೆಯಲ್ಲಿ ನೆತ್ತಿಯಿಂದ 11 ಡಿಗ್ರಿ ದಕ್ಷಿಣಕ್ಕೆ ಹಾದು ಹೋಗುತ್ತದೆ. ಬೆಂಗಳೂರಿನ ಬೆಳಕು ಅಷ್ಟು ಮೇಲೆ ಬರುವುದಿಲ್ಲ, ಅದೊಂದು ಪುಣ್ಯ. ಆದರೆ ಡಾಬ್ಸೋನಿಯನ್ ನೆತ್ತಿಯ ಹತ್ತಿರ ತಿರುಗಿಸೋದು ಹಿಂಸೆ. ಹಾಗಾಗಿ ನೆತ್ತಿಗೆ ಬರುವ ಎರಡು ಗಂಟೆ ಮೊದಲೇ ಹಿಡಿಯುವುದು ಒಳ್ಳೆಯದು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಸರಿಯಾದ ಸಮಯ. ಜೂನ್ ಆದ ಮೇಲೆ ಮೋಡದ ಕಾಟ.

ಇನ್ನು ತೂಕ. ಇಲ್ಲಿ ನನ್ನ ಅಳತೆಯೊಂದೇ ಸಾಲದು. ಬಿ ಒಂದು ಸುತ್ತು ಬರಲು 88.4 ವರ್ಷ ಬೇಕು. ಹರ್ಷೆಲ್ ನೋಡಿದ ಮೇಲೆ ಎರಡು ಸುತ್ತು ಮುಗಿದು ಮೂರನೆಯದು ನಡೆಯುತ್ತಿದೆ. ಅಷ್ಟೂ ಕಾಲ ಯಾರ್ಯಾರೋ ಬರೆದಿಟ್ಟ ಅಂತರ, ದಿಕ್ಕುಗಳನ್ನು ಸೇರಿಸಿ ಎಳೆದ ದೀರ್ಘವೃತ್ತ ಇದೆ. ಅದರ ಉದ್ದದ ಅರ್ಧ ಸುಮಾರು 4.5 ಸೆಕೆಂಡ್. ನನ್ನ 6.6, 119 ಆ ದೀರ್ಘವೃತ್ತದ ಮೇಲೆ ಒಂದು ಚುಕ್ಕೆ. ಹಳೆಯ ಟಿಪ್ಪಣಿ ಇಟ್ಟುಕೊಂಡು ಬಾಂದು ಕಲ್ಲು ಹುಡುಕಿದಾಗ ಕಲ್ಲು ಅಲ್ಲೇ ಸಿಕ್ಕರೆ ಆಗುವ ಖುಷಿಯೇ ಇಲ್ಲೂ ಆಯಿತು.

ದೂರ ಹಿಪಾರ್ಕಸ್‌ನಿಂದ ಗೊತ್ತು. ಭೂಮಿ ಸೂರ್ಯನನ್ನು ಸುತ್ತುವಾಗ ಈ ನಕ್ಷತ್ರ ಜಾಗ ಬದಲಿಸಿದಂತೆ ಕಾಣುವುದು ನಡುಬಿಂದುವಿನಿಂದ ಅತ್ತಿತ್ತ 0.196 ಸೆಕೆಂಡ್. ಸುಮಾರು 16.6 ಜ್ಯೋತಿರ್ವರ್ಷ ದೂರ. 4.5 ಅನ್ನು 0.196ರಿಂದ ಭಾಗಿಸಿದರೆ 23. ಅಂದರೆ ಸೂರ್ಯ-ಭೂಮಿ ದೂರದ 23 ಪಟ್ಟು. ಈಗ ಕೆಪ್ಲರನ ಮೂರನೇ ನಿಯಮ: ಈ ದೂರದ ಘನವನ್ನು ಸುತ್ತಿನ ವರ್ಷಗಳ ವರ್ಗದಿಂದ ಭಾಗಿಸಿದರೆ ಎರಡರ ಒಟ್ಟು ತೂಕ ಎಷ್ಟು ಸೂರ್ಯರಷ್ಟು ಅಂತ ಬರುತ್ತದೆ. 23ರ ಘನ 12,167. 88.4ರ ವರ್ಗ 7,815. ಭಾಗಿಸಿ. 1.56. ದಶಮಾಂಶಗಳನ್ನು ಬಿಗಿಯಾಗಿ ಹಿಡಿದರೆ 1.6ರ ಹತ್ತಿರ ಬರುತ್ತದೆ. ಎರಡೂ ನಕ್ಷತ್ರ ಸೇರಿ ಒಂದೂವರೆ ಸೂರ್ಯನಿಗಿಂತ ಸ್ವಲ್ಪ ಜಾಸ್ತಿ ತೂಕ. ಎರಡು ಕೋನ, ಒಂದು ಕಾಲ. ಮತ್ತೇನೂ ಬೇಕಾಗಲಿಲ್ಲ. ಮೊದಲ ಸಲ ಕ್ಯಾಲ್ಕ್ಯುಲೇಟರಿನಲ್ಲಿ ಈ ಉತ್ತರ ಕಂಡಾಗ ನಾನು ಸುಮ್ಮನೆ ಮತ್ತೊಮ್ಮೆ ಒತ್ತಿ ನೋಡಿದೆ. ಯಾರ ಪಾಲು ಎಷ್ಟು ಅನ್ನುವುದು ಎರಡೂ ನಡುವಿನ ಬಿಂದುವಿನ ಸುತ್ತ ಎಷ್ಟೆಷ್ಟು ಓಲಾಡುತ್ತವೆ ಅನ್ನುವುದರಿಂದ ತಿಳಿಯುತ್ತದೆ. ಎ ಸುಮಾರು 0.9, ಬಿ ಸುಮಾರು 0.7.

ಬೆಳಕೂ ಲೆಕ್ಕಕ್ಕೆ ಸಿಗುತ್ತದೆ. ಎ ಕಾಂತಿಮಾನ 4.2, ಬಿ 6.0. ದೂರ ಗೊತ್ತಿರುವುದರಿಂದ ಸೂರ್ಯನ ಜೊತೆ ಹೋಲಿಸಬಹುದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎ ಸೂರ್ಯನ ಅರ್ಧಕ್ಕೆ ಸ್ವಲ್ಪ ಕಡಿಮೆ, ಬಿ ಹತ್ತನೇ ಒಂದು ಭಾಗಕ್ಕೂ ಕಡಿಮೆ. ತೂಕದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ, ಬೆಳಕಿನಲ್ಲಿ ಐದು ಪಟ್ಟು. ನಕ್ಷತ್ರಗಳಲ್ಲಿ ತೂಕ ಸ್ವಲ್ಪ ಇಳಿದರೂ ಒಳಗಿನ ಬೆಂಕಿ ಬಹಳ ಇಳಿಯುತ್ತದೆ. ಎರಡೂ ಕೆ ಜಾತಿಯವು, ಸೂರ್ಯನಿಗಿಂತ ತಣ್ಣಗಿನವು. ಐಪೀಸ್‌ನಲ್ಲಿ ಎ ತಿಳಿ ಹಳದಿ, ಬಿ ಕಿತ್ತಳೆ. ಈ ಬಣ್ಣ ವಿಡಿಯೋದಲ್ಲಿ ಬರುವುದಿಲ್ಲ, ಕಣ್ಣಿಟ್ಟೇ ನೋಡಬೇಕು.

ಈಗ ಆ ಕೇಸ್. 1855ರಲ್ಲಿ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್ ಈ ಜೋಡಿಯ ಅಳತೆಗಳು ದೀರ್ಘವೃತ್ತಕ್ಕೆ ಸರಿಯಾಗಿ ಕೂರುತ್ತಿಲ್ಲ ಅಂತ ಬರೆದರು. ಕಣ್ಣಿಗೆ ಕಾಣದ ಗ್ರಹವೊಂದು ಎಳೆಯುತ್ತಿರಬಹುದು ಅಂದರು. ಬೇರೆ ನಕ್ಷತ್ರಕ್ಕೆ ಗ್ರಹ ಇದೆ ಅಂತ ಅಳತೆಯ ಆಧಾರದ ಮೇಲೆ ಹೇಳಿದ ಮೊದಮೊದಲ ಮಾತುಗಳಲ್ಲಿ ಇದೊಂದು, ಅದೂ ನಮ್ಮ ಪಕ್ಕದ ಮದ್ರಾಸಿನಿಂದ. ಜೇಕಬ್ ಅದಕ್ಕೂ ಮೊದಲು ಇಡೀ ಭಾರತವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಕೆಲಸ ಮಾಡಿದವರು. ಸರ್ವೆಯವರು ಅನ್ನುವ ಕಾರಣಕ್ಕೆ ನನಗೆ ಅವರ ಮೇಲೆ ಸ್ವಲ್ಪ ಪಕ್ಷಪಾತ, ಇರಲಿ. 1896ರಲ್ಲಿ ಅಮೆರಿಕದ ಸೀ ಎಂಬ ಖಗೋಳಜ್ಞರು ಅದೇ ವಾದವನ್ನು ಇನ್ನೂ ಜೋರಾಗಿ ಮಂಡಿಸಿದರು. ಮೌಲ್ಟನ್ ಎಂಬ ಇನ್ನೊಬ್ಬ ಖಗೋಳಜ್ಞರು ಲೆಕ್ಕ ಹಾಕಿ, ಅಂಥ ಕಕ್ಷೆಯಲ್ಲಿ ಮೂರನೆಯದು ನಿಲ್ಲುವುದೇ ಇಲ್ಲ ಅಂತ ತೋರಿಸಿದರು. ಈಚಿನ ಹುಡುಕಾಟಗಳಲ್ಲೂ ಗ್ರಹ ಸಿಕ್ಕಿಲ್ಲ. ಅರ್ಧ ಪಿಕ್ಸೆಲ್ ಆಚೀಚೆ ಆದರೂ ನನ್ನ ದಿಕ್ಕು ಒಂದು ಡಿಗ್ರಿಗಿಂತ ಜಾಸ್ತಿ ಹೊರಳುತ್ತದೆ. ಅಂಥದ್ದರಲ್ಲಿ ಬರೀ ಕಣ್ಣು, ದಾರದ ಮೈಕ್ರೋಮೀಟರ್ (ಐಪೀಸ್‌ನಲ್ಲಿ ಸಣ್ಣ ಎಳೆ ಸರಿಸಿ ಅಳೆಯುವ ಸಾಧನ) ಇಟ್ಟುಕೊಂಡು ಅಳೆದವರಿಗೆ ಇಲ್ಲದ ಗ್ರಹ ಕಂಡದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈ ಜೋಡಿ ಎರಡೂ ಹತ್ತಿರ ಬಂದದ್ದು 1984ರಲ್ಲಿ, ಸೂರ್ಯ-ಭೂಮಿ ದೂರದ 11 ಪಟ್ಟಿಗೆ. ಈಗ ಸುಮಾರು 35 ಪಟ್ಟು, ನೆಪ್ಚೂನ್‌ಗಿಂತಲೂ ಆಚೆ. ಈ ದಶಕದಲ್ಲಿ ಅಂತರ ಅತಿ ಹೆಚ್ಚು ಇರುವುದರಿಂದ ಸಣ್ಣ ಟೆಲಿಸ್ಕೋಪ್‌ನವರಿಗೆ ಇದೇ ಒಳ್ಳೆಯ ಕಾಲ. 4 ಇಂಚಿನದು ಇದ್ದರೂ ಬಿಡಿಸಿ ಕಾಣುತ್ತದೆ. ಆದರೆ ದೂರ ಇದ್ದಾಗ ನಡಿಗೆ ನಿಧಾನ. ದಿಕ್ಕು ವರ್ಷಕ್ಕೆ ಒಂದು ಡಿಗ್ರಿಗೂ ಕಡಿಮೆ ಬದಲಾಗುತ್ತದೆ. ನನ್ನ ಸಲಕರಣೆಯಲ್ಲಿ ಅದು ಗೊತ್ತಾಗಬೇಕಾದರೆ ನಾಲ್ಕೈದು ವರ್ಷ ಬಿಟ್ಟು ಮತ್ತೆ ಅಳೆಯಬೇಕು. ಮೂಲ ವಿಡಿಯೋ, ತಾರೀಖು, ಸಮಯ ಎಲ್ಲ ಜೋಪಾನವಾಗಿ ಇಟ್ಟಿದ್ದೇನೆ.

ಅಲ್ಲಿವರೆಗೆ ಕನ್ಯಾ ರಾಶಿಯ ಗ್ಯಾಮಾ ಹಿಡಿಯೋಣ ಅಂತಿದ್ದೇನೆ. 169 ವರ್ಷದ ಸುತ್ತು, 2005ರಲ್ಲಿ ತೀರಾ ಹತ್ತಿರ ಬಂದು ಈಗ ದೂರ ಸರಿಯುತ್ತಿದೆ. ಅಂತರ ಇದಕ್ಕಿಂತ ಕಡಿಮೆ, ಆದರೂ 6 ಇಂಚಿಗೆ ಆಗುತ್ತದೆ. ತೊಂದರೆ ಬೇರೆ. ಅಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಕಾಂತಿ. ಯಾವುದು ಎ, ಯಾವುದು ಬಿ ಅಂತ ಮೊದಲು ತೀರ್ಮಾನ ಆಗಬೇಕು, ಇಲ್ಲದಿದ್ದರೆ ದಿಕ್ಕು 180 ಡಿಗ್ರಿ ತಿರುಗಿ ಕೂರುತ್ತದೆ. ಹಿಸ್ಸಾ ಅದಲು ಬದಲಾದ ಪಹಣಿ ತಿದ್ದಿಸಲು ಓಡಾಡಿದವರಿಗೆ ಆ ಕಷ್ಟ ಗೊತ್ತು.