ನಿಂಬೆ ಸಿಪ್ಪೆ, ಬೆಲ್ಲ, ನೀರು: ನೆಲ ಒರೆಸಲು ಇಷ್ಟು ಸಾಕು

ಚಿತ್ರಾನ್ನಕ್ಕೆ ಹಿಂಡಿದ ನಿಂಬೆ ಹೋಳು, ಚಳಿಗಾಲದ ಕಿತ್ತಳೆ ಸಿಪ್ಪೆ, ಬೇಸಿಗೆಯ ಮೋಸಂಬಿ ಸಿಪ್ಪೆ ಎಲ್ಲವೂ ಹಸಿ ಕಸದ ಬುಟ್ಟಿ ಸೇರುತ್ತವೆ. ಮನೆಯಲ್ಲಿ ಗೊಬ್ಬರ ಮಾಡುವವರಿಗೂ ಇವು ಅಷ್ಟಾಗಿ ಬೇಡ. ಬೇಗ ಕೊಳೆಯುವುದಿಲ್ಲ, ಎರೆಹುಳುಗಳಿಗೂ ಒಗ್ಗುವುದಿಲ್ಲ. ಇವನ್ನೇ ಬೆಲ್ಲದ ನೀರಿನಲ್ಲಿ ಹುಳಿಯಲು ಬಿಟ್ಟರೆ ‘ಬಯೋ ಎಂಜೈಮ್’ ಎಂದು ಕರೆಯುವ ದ್ರಾವಣ ಸಿಗುತ್ತದೆ. ಬೆಲ್ಲಕ್ಕೆ ಕೆ.ಜಿ.ಗೆ 70 ರೂಪಾಯಿ ಕೊಟ್ಟರೂ, ಒಂದು ಲೀಟರ್ ದ್ರಾವಣಕ್ಕೆ ಏಳೇ ರೂಪಾಯಿ.

ಅಳತೆ: ಬೆಲ್ಲ 1 ಪಾಲು, ಸಿಪ್ಪೆ 3 ಪಾಲು, ನೀರು 10 ಪಾಲು. ಅಂದರೆ 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರು. ಕಪ್ಪಗಿನ ಅಗ್ಗದ ಬೆಲ್ಲವೇ ಸಾಕು. ಒಂದೇ ದಿನ ಇಷ್ಟು ಸಿಪ್ಪೆ ಒಟ್ಟಾಗದು. ಡಬ್ಬದಲ್ಲಿ ಹಾಕಿ ಫ್ರೀಜರಿನಲ್ಲಿಡುತ್ತಾ ಬನ್ನಿ. ಪರಿಚಯದ ಜ್ಯೂಸ್ ಅಂಗಡಿ ಇದ್ದರೆ ಕೇಳಿ ನೋಡಿ, ಚೀಲ ತುಂಬಾ ಕೊಟ್ಟಾರು. ಉಪ್ಪು ಹಾಕಿದ್ದು, ಬೂಸ್ಟು ಹಿಡಿದದ್ದು ಮಾತ್ರ ಬೇಡ.

ಹಾಕುವುದು: ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಹಿಂದಿನ ರಾತ್ರಿಯೇ ತೆರೆದ ಪಾತ್ರೆಯಲ್ಲಿ ಹಿಡಿದಿಡಿ. ಅದರಲ್ಲಿ ಬೆಲ್ಲ ಕರಗಿಸಿ, ಸಣ್ಣಗೆ ಹೆಚ್ಚಿದ ಸಿಪ್ಪೆ ಸೇರಿಸಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು, ಗಾಜು ಖಂಡಿತ ಬೇಡ. ಅಡುಗೆ ಎಣ್ಣೆಯ ಖಾಲಿ ಕ್ಯಾನ್ ತೊಳೆದು ಬಳಸಬಹುದು. ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಿ.

ಮುಚ್ಚಳ ತೆಗೆಯುವುದು: ಕೆಲಸವೆಂದರೆ ಇದೊಂದೇ. ಮೊದಲು ಯೀಸ್ಟ್ ಸಕ್ಕರೆಯ ಅಂಶವನ್ನು ಆಲ್ಕೋಹಾಲ್ ಮಾಡುತ್ತದೆ, ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಅನಿಲ ಹೋಗಲು ದಾರಿ ಇಲ್ಲದಿದ್ದರೆ ಕ್ಯಾನ್ ಉಬ್ಬಿ ಸಿಡಿಯಬಹುದು. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ, ತೇಲುವ ಸಿಪ್ಪೆಯನ್ನು ಒಣ ಸೌಟಿನಿಂದ ಒತ್ತಿ ಮುಳುಗಿಸಿ. ಆಮೇಲೆ ವಾರಕ್ಕೊಮ್ಮೆ ಸಾಕು. ಅಷ್ಟರಲ್ಲಿ ಬ್ಯಾಕ್ಟೀರಿಯಾಗಳು ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿ, ಅಂದರೆ ವಿನೆಗರಿನಲ್ಲಿರುವ ಹುಳಿಯಾಗಿ ಬದಲಿಸತೊಡಗಿರುತ್ತವೆ.

ಮೇಲೆ ತೆಳ್ಳಗೆ ಬಿಳಿ ಪದರ ಕಟ್ಟಿದರೆ ಗಾಬರಿ ಬೇಡ. ಕಪ್ಪು ಬೂಸ್ಟು ಬಂದರೆ, ಕೊಳೆತ ವಾಸನೆ ಹೊಡೆದರೆ ಮಾತ್ರ ಚೆಲ್ಲಿಬಿಡಿ. ಮೂರು ತಿಂಗಳಿಗೆ ಕಂದು ಬಣ್ಣ, ಹಣ್ಣಿನ ಹುಳಿ ಪರಿಮಳ ಬಂದಿದ್ದರೆ ಬಟ್ಟೆಯಲ್ಲಿ ಸೋಸಿ. ಸ್ವಲ್ಪ ಉಳಿಸಿಕೊಂಡು ಮುಂದಿನ ಸಲಕ್ಕೆ ಮೊಸರಿನ ಹೆಪ್ಪಿನಂತೆ ಬೆರೆಸಿದರೆ ಅದು ಬೇಗ ಸಿದ್ಧವಾಗುತ್ತದೆ. ಬಾಟಲಿ ನೋಡಲು ಥೇಟ್ ಶರಬತ್ತು. ಹೆಸರು ಬರೆದು ಮಕ್ಕಳ ಕೈಗೆಟುಕದಂತೆ ಇಡಿ.

ಬಳಸುವುದು: ಐದು ಲೀಟರ್ ನೀರಿಗೆ 50 ಮಿ.ಲೀ. ಹಾಕಿ ನೆಲ ಒರೆಸಿ. ಒಂದು ಲೀಟರಿನಲ್ಲಿ ಇಪ್ಪತ್ತು ಸಲ ಆಗುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಚ್ಚಲ ಟೈಲ್ಸ್, ಬಕೆಟ್ ಮೇಲೆ ಕೂರುವ ಬಿಳಿ ಕಲೆಗೆ ನೀರು ಬೆರೆಸದೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಹಳೆಯ ಬ್ರಷ್‌ನಿಂದ ಉಜ್ಜಿ. ಆ ಕಲೆ ಸುಣ್ಣದಂಶ, ಹುಳಿಗೆ ಕರಗುತ್ತದೆ. ನನ್ನ ಲೆಕ್ಕದಲ್ಲಿ ಇದರ ನಿಜವಾದ ಉಪಯೋಗ ಇಲ್ಲೇ.

ಆದರೆ ಸುಣ್ಣ ಕರಗಿಸುವ ಗುಣವೇ ಕೆಲವು ನೆಲಗಳಿಗೆ ಮುಳುವು. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ಅಮೃತಶಿಲೆಯೂ ಅದೇ ಜಾತಿ. ಅವುಗಳ ಹೊಳಪು ಹೋದೀತು. ಹಳೆಯ ರೆಡ್ ಆಕ್ಸೈಡ್ ನೆಲಕ್ಕೂ ಬೇಡ, ಅದರಲ್ಲಿ ಸಿಮೆಂಟ್ ಇದೆ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್‌ಗೆ ಭಯವಿಲ್ಲ. ಬ್ಲೀಚಿಂಗ್ ಪೌಡರ್ ಜೊತೆಗಂತೂ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದು ರೋಗಾಣು ಸಾಯಲೇಬೇಕು ಎಂದಿದ್ದರೆ ಈ ದ್ರಾವಣವನ್ನು ನಂಬಿ ಕೂರದೆ ಅಂಗಡಿಯ ಸೋಂಕುನಿವಾರಕ ತನ್ನಿ.

ಪಾತ್ರೆ ತೊಳೆಯಲೂ ಬೇಕೆನ್ನುವವರು ಅಂಟುವಾಳ ಕಾಯಿಯ ಬೀಜ ತೆಗೆದು, ಸಿಪ್ಪೆ ನೆನೆಸಿ ಕುದಿಸಿ, ತಣಿದ ಮೇಲೆ ಸೋಸಿದ ನೀರಿಗೆ ಇದನ್ನು ಬೆರೆಸಿಕೊಳ್ಳಿ. ನೊರೆ ಅಂಗಡಿಯ ಲಿಕ್ವಿಡ್‌ನಷ್ಟು ಬಾರದು, ಆದರೆ ಜಿಡ್ಡು ಹೋಗುತ್ತದೆ. ಈ ಮಿಶ್ರಣ ಬಹಳ ದಿನ ಕೆಡದೆ ಇರದು, ವಾರಕ್ಕಾಗುವಷ್ಟೇ ಮಾಡಿ. ಸೋಸಿ ಉಳಿದ ಸಿಪ್ಪೆಯಿಂದ ಗ್ಯಾಸ್ ಒಲೆ, ಸಿಂಕ್ ಉಜ್ಜಿ, ಆಮೇಲೆ ಗೊಬ್ಬರದ ಡಬ್ಬಕ್ಕೆ ಹಾಕಿ. ಹುಳಿತು ಮೆತ್ತಗಾದ ಸಿಪ್ಪೆ ಈಗ ಅಲ್ಲಿ ಬೇಗ ಕರಗುತ್ತದೆ.