ಹಳೇ ಸಾಮಾನಿನ ಲಿಲಾವಿಗೆ ಹೋಗುವ ಮುಂಚೆ

ನಮ್ಮ ಹುಬ್ಬಳ್ಳಿ ಕಡೆ ಹರಾಜು ಅಂದರೆ ಲಿಲಾವು, ಇಲ್ಲಾ ಸವಾಲು. ಗುಡಿಯ ಮುಂದೆ ಕಾಯಿ, ಸೀರೆ ಸವಾಲು ಕೂಗುವುದನ್ನು ನೋಡುತ್ತಲೇ ಬೆಳೆದವರು ನಾವು. ಅದಕ್ಕೇ ಏನೋ, ಹಳೇ ನಾಣ್ಯ, ಗ್ರಾಮಫೋನು, ಲಾಟೀನು, ಹಿತ್ತಾಳೆ ಹಂಡೆ ಲಿಲಾವಿಗೆ ಬಂದರೂ ಅದೇ ಹುಮ್ಮಸ್ಸಿನಲ್ಲಿ ಕೈ ಎತ್ತಿಬಿಡುತ್ತೇವೆ. ಗುಡಿಯಲ್ಲಿ ನಾಲ್ಕು ಕಾಸು ಜಾಸ್ತಿ ಹೋದರೆ ದೇವರಿಗೆ ಹೋಯಿತು ಅನ್ನಬಹುದು. ಇಲ್ಲಿ ಆ ಸಮಾಧಾನ ಇಲ್ಲ.

ನಾನು ಪಾಠ ಕಲಿತಿದ್ದು ಒಂದು ರೈಲ್ವೆ ಲಾಟೀನಿನಿಂದ. ಆನ್‌ಲೈನ್ ಹರಾಜು, ಒಂದೇ ಒಂದು ಫೋಟೋ, ಲಾಟೀನಿನ ಮೈಮೇಲೆ ಇಂಗ್ಲಿಷಿನಲ್ಲಿ ‘ಎಂ ಅಂಡ್ ಎಸ್‌ಎಂ ರೈಲ್ವೆ, 1901’ ಅಂತ ಒತ್ತಿದ ಅಕ್ಷರ. ನಮ್ಮಜ್ಜ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು, ಅದನ್ನು ನೋಡಿದ ಕೂಡಲೇ ನನಗೆ ತಲೆ ನಿಲ್ಲಲಿಲ್ಲ, ರಾತ್ರಿ ಹನ್ನೊಂದಕ್ಕೆ ಕೂತು 4,200 ರೂಪಾಯಿಗೆ ಹಿಡಿದೆ. ಲಾಟೀನು ಮನೆಗೆ ಬಂದ ಮೇಲೆ ಗೆಳೆಯನೊಬ್ಬ ನೋಡಿ ನಕ್ಕ. ಹುಬ್ಬಳ್ಳಿ ವರ್ಕ್‌ಶಾಪು ಶುರುವಾಗಿದ್ದು 1885 ರಲ್ಲಿ, ಅದು ನಿಜ. ಆದರೆ ಆಗ ಇದ್ದದ್ದು ಸದರ್ನ್ ಮರಾಠಾ ರೈಲ್ವೆ. ಅದು ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಗಿದ್ದು 1908 ರಲ್ಲಿ. ಹುಟ್ಟದೇ ಇರುವ ಕಂಪನಿಯ ಹೆಸರನ್ನು 1901 ರಲ್ಲಿ ಯಾರು ಒತ್ತಿದರು? ತಳ ತಿರುಗಿಸಿ ನೋಡಿದರೆ ವೆಲ್ಡಿಂಗ್ ಇನ್ನೂ ಹೊಳೆಯುತ್ತಿತ್ತು.

ಅಲ್ಲಿಂದೀಚೆಗೆ ನನ್ನದು ಒಂದೇ ಲೆಕ್ಕ. ಕೂಗುವುದು ಕೊನೆಯ ಕೆಲಸ. ನೋಡುವುದು, ಕೇಳುವುದು, ಗುಣಿಸುವುದು, ಎಲ್ಲ ಅದಕ್ಕಿಂತ ಮುಂಚೆ ಮುಗಿದಿರಬೇಕು.

ಮೊದಲು ದುಡ್ಡಿನ ಮಾತು, ಯಾಕಂದರೆ ಹೊಸಬರು ಎಡವುವುದೇ ಇಲ್ಲಿ. ಕ್ಯಾಟಲಾಗಿನಲ್ಲಿ ಪ್ರತಿ ವಸ್ತುವಿಗೆ ಒಂದು ಲಾಟ್ ನಂಬರ್ ಇರುತ್ತದೆ, ಪಕ್ಕದಲ್ಲಿ ಎಸ್ಟಿಮೇಟ್. ಅದು ಬರೀ ಅಂದಾಜು, ಬೆಲೆ ಅಲ್ಲ. ರಿಸರ್ವ್ ಅಂತ ಇನ್ನೊಂದಿದೆ. ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅಂತ ಮಾಲೀಕ ಹಾಕಿಕೊಂಡ ಗೆರೆ, ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ. ಸುತ್ತಿಗೆ ಬಿದ್ದಾಗಿನ ಬೆಲೆ ಹ್ಯಾಮರ್ ಪ್ರೈಸ್. ನೀವು ಕೊಡುವುದು ಅಷ್ಟೇ ಅಂದುಕೊಂಡರೆ ಕೆಟ್ಟಿರಿ. ಅದರ ಮೇಲೆ ಬಯರ್ಸ್ ಪ್ರೀಮಿಯಂ ಅಂತ ಹರಾಜು ಮನೆಯ ಕಮಿಷನ್, ಆ ಕಮಿಷನ್ ಮೇಲೆ ಜಿಎಸ್‌ಟಿ, ಕೆಲವು ಸಲ ವಸ್ತುವಿನ ಬೆಲೆ ಮೇಲೂ ಜಿಎಸ್‌ಟಿ, ಆಮೇಲೆ ಪ್ಯಾಕಿಂಗು, ಕೊರಿಯರ್ರು, ವಿಮೆ.

20,000 ಕ್ಕೆ ಹಿಡಿದಿರಿ ಅನ್ನಿ. ಪ್ರೀಮಿಯಂ 15 ಪರ್ಸೆಂಟ್ ಇದ್ದರೆ 3,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 540. ಕೊರಿಯರ್ ಬಿಟ್ಟೇ 23,540 ಆಯಿತು. ಕೈಯಲ್ಲಿರುವುದೇ 20,000 ಅಂದರೆ ನೀವು 17,000 ದ ಒಳಗೇ ನಿಲ್ಲಬೇಕು. ನಾನು ಲೆಕ್ಕವನ್ನು ಹಿಂದಿನಿಂದ ಮಾಡುತ್ತೇನೆ: ಮನೆ ಬಾಗಿಲಿಗೆ ಬಂದು ಬೀಳುವಾಗ ಎಷ್ಟಾಗಬಹುದು, ಅದರಿಂದ ಕೆಳಗಿಳಿದು ಕೂಗುವ ಬೆಲೆ ಎಷ್ಟು. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸುತ್ತೇನೆ. ಮನೆಯವಳು ಚೀಟಿ ನೋಡಿ ನಗುತ್ತಾಳೆ, ನಗಲಿ.

ಈಗ ನೋಡುವ ಕೆಲಸ. ಹರಾಜಿಗೆ ಮುಂಚೆ ಒಂದೆರಡು ದಿನ ವಸ್ತುಗಳನ್ನು ನೋಡಲು ಇಟ್ಟಿರುತ್ತಾರೆ. ಬೆಂಗಳೂರಿಗೋ ಮುಂಬೈಗೋ ಹೋಗೋಕೆ ಆಗದಿದ್ದರೆ ಫೋನ್ ಮಾಡಿ ಇನ್ನಷ್ಟು ಫೋಟೋ ಕೇಳಿ: ತಳ, ಅಂಚು, ಒಳಭಾಗ, ಒಡೆದ ಜಾಗ. ಸಂಕೋಚ ಬೇಡ. ಕೇಳಿದರೂ ಕಳಿಸದವರ ಹತ್ತಿರ ನಾನು ಕೂಗುವುದಿಲ್ಲ. ಹೆಚ್ಚಿನ ಹರಾಜುಗಳು ‘ಇದ್ದದ್ದು ಇದ್ದ ಹಾಗೆ’ ಅನ್ನುವ ಷರತ್ತಿನ ಮೇಲೇ ನಡೆಯುತ್ತವೆ, ಆಮೇಲೆ ಬಿರುಕು ಕಂಡಿತು ಅಂತ ಅತ್ತರೆ ಯಾರೂ ಕೇಳುವುದಿಲ್ಲ. ನಾನು ಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಆಯಸ್ಕಾಂತ, ಒಂದು ಭೂತಗನ್ನಡಿ, ಒಂದು ಪುಟ್ಟ ತೂಕದ ಯಂತ್ರ ಇರುತ್ತದೆ. ಟಾರ್ಚಿಗೆ ಮೊಬೈಲ್ ಇದೆಯಲ್ಲ.

ನಾಣ್ಯದಿಂದ ಶುರು ಮಾಡುತ್ತೇನೆ, ನಮ್ಮ ಕಡೆ ಹೆಚ್ಚಿನವರ ಮನೆಯಲ್ಲಿ ಇರುವುದೇ ಅದು. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲೆ. ಅದರಲ್ಲಿ ಬೆಳ್ಳಿ 91.7 ಪರ್ಸೆಂಟ್. ಸವೆದಿದ್ದರೆ ತೂಕ ಸ್ವಲ್ಪ ಇಳಿದಿರುತ್ತದೆ, ಆದರೆ ಹತ್ತು ಗ್ರಾಂ ಬಂದರೆ ಕೆಳಗಿಟ್ಟು ಮುಂದೆ ಹೋಗಿ. 1940 ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947 ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕಲ್. ಅದು ಆಯಸ್ಕಾಂತಕ್ಕೆ ಅಂಟುತ್ತದೆ, ಅಂಟಿತು ಅಂತ ನಕಲಿ ಅನ್ನಬೇಡಿ. ಆದರೆ 1918 ರ ರೂಪಾಯಿ ಅಂಟಿತೋ, ಅದು ಕಬ್ಬಿಣಕ್ಕೆ ಬಳಿದ ಬಣ್ಣ.

ಲಾಟೀನಿನ ಪಾಠ ಇಲ್ಲೂ ಕೆಲಸಕ್ಕೆ ಬರುತ್ತದೆ. ವಿಕ್ಟೋರಿಯಾ ರಾಣಿಯ ನಾಣ್ಯದಲ್ಲಿ 1876 ರ ತನಕ ‘ಕ್ವೀನ್’ ಅಂತ ಇರುತ್ತದೆ, 1877 ರಿಂದ ‘ಎಂಪ್ರೆಸ್’. 1862 ಅಂತ ಇಸವಿ ಇದ್ದು ಎಂಪ್ರೆಸ್ ಅಂತ ಬರೆದಿದ್ದರೆ ಅದನ್ನು ಮಾಡಿದವನಿಗೆ ಇತಿಹಾಸ ಗೊತ್ತಿಲ್ಲ ಅಂತ ಅರ್ಥ. 1911 ರ ಐದನೇ ಜಾರ್ಜ್ ರೂಪಾಯಿಯ ಕಥೆ ಕೇಳಿರಬಹುದು. ರಾಜನ ನಿಲುವಂಗಿ ಮೇಲಿನ ಆನೆ ಜನರಿಗೆ ಹಂದಿ ಥರ ಕಂಡು ಗಲಾಟೆ ಆಯಿತು. ಚಿತ್ರ ಬದಲಾಯಿಸಿದರು, ಹಳೆಯವನ್ನು ಬಹಳಷ್ಟು ಕರಗಿಸಿದರು, ಅದಕ್ಕೇ ಉಳಿದವಕ್ಕೆ ಬೆಲೆ. 1939 ರ ಆರನೇ ಜಾರ್ಜ್ ರೂಪಾಯಿಯೂ ಅಪರೂಪ, ಅದಕ್ಕೇ ನಕಲಿಯೂ ಜಾಸ್ತಿ. ಇಸವಿಯ ಕೊನೇ ಅಂಕಿಯನ್ನು ಕೆತ್ತಿ 9 ಮಾಡಿದ್ದಾರಾ ಅಂತ ಭೂತಗನ್ನಡಿ ಹಿಡಿದು ನೋಡಿ.

ಇನ್ನು ಆ 1818 ರ ರಾಮ ದರ್ಬಾರ್ ನಾಣ್ಯ. ಒಂದು ಕಡೆ ರಾಮ, ಸೀತೆ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ‘ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತದೆ, ಕೋಟಿ ಬೆಲೆ’ ಅಂತ ಊರೂರು ಸುತ್ತಿ ರೈತರ ದುಡ್ಡು ನುಂಗಿದ ಮಾಲು ಅದು. ನಿಮ್ಮ ಹಳೇ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಟ್ಯಾಕ್ಸ್ ಕಟ್ಟಿ ಅನ್ನುವ ಫೋನ್ ಕರೆಗಳ ಬಗ್ಗೆ ರಿಸರ್ವ್ ಬ್ಯಾಂಕೇ 2021 ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು, ಅಲ್ವಾ?

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ನಾಣ್ಯ ತೊಳೆಯಬೇಡಿ. ಹುಣಸೆಹಣ್ಣು ಬೇಡ, ನಿಂಬೆಹಣ್ಣು ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ದೀಪಾವಳಿ ಲಕ್ಷ್ಮೀಪೂಜೆಗೆ ಅಂತ ನಮ್ಮವ್ವ ಪ್ರತಿ ವರ್ಷ ಹನ್ನೊಂದು ರೂಪಾಯಿಗಳನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಫಳಫಳ ಅನ್ನುತ್ತಿದ್ದವು. ಅದರಲ್ಲಿ ಒಂದರ ಮೇಲೆ ರಾಜನ ಮೂಗೇ ಉಳಿದಿಲ್ಲ. ಸಂಗ್ರಹಕಾರರು ಬೆಲೆ ಕೊಡುವುದು ಆ ಹಳೇ ಕಪ್ಪಿಗೆ, ಅದು ಹೋದರೆ ಬೆಳ್ಳಿ ತೂಕದ ದುಡ್ಡು ಅಷ್ಟೇ.

ಇದಾದ ಮೇಲೆ ನನಗೆ ಇಷ್ಟದ ವಿಷಯ, ಗ್ರಾಮಫೋನ್ ತಟ್ಟೆ. ಸವಾಯಿ ಗಂಧರ್ವರ ಕುಂದಗೋಳ, ಭೀಮಸೇನ ಜೋಶಿ ಹುಟ್ಟಿದ ಗದಗ, ಮಲ್ಲಿಕಾರ್ಜುನ ಮನ್ಸೂರರ ಧಾರವಾಡ, ಎಲ್ಲ ಒಂದೆರಡು ತಾಸಿನ ಹಾದಿಯಲ್ಲಿ. ಹಾಗಾಗಿ ಇಲ್ಲಿನ ಹಳೇ ಮನೆಗಳ ಅಟ್ಟದಲ್ಲಿ 78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ ಸಿಕ್ಕರೆ ಆಶ್ಚರ್ಯ ಇಲ್ಲ. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳ ಮೇಲೆ ಇರುವ ಹೆಸರು ಗಾಂಧಾರಿ. ಇದು ಗೊತ್ತಿಲ್ಲದವರು ಲಾಟ್ ವಿವರದಲ್ಲಿ ಸುಮ್ನೆ ‘ಹಳೇ ರೆಕಾರ್ಡ್ 12’ ಅಂತ ಬರೆದಿರುತ್ತಾರೆ. ಇಂಥ ಪೆಟ್ಟಿಗೆ ಲಾಟ್ ಕಂಡರೆ ಪ್ರತಿ ಲೇಬಲ್ಲಿನ ಫೋಟೋ ಕೇಳಿ ತರಿಸಿಕೊಳ್ಳಿ.

ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ಕಪ್ಪಗೆ ಮಿಂಚಿದರೆ ಒಳ್ಳೆಯದು. ಬೂದುಬಣ್ಣಕ್ಕೆ ತಿರುಗಿದ್ದರೆ ಸವೆದಿದೆ ಅಂತ ಅರ್ಥ, ಹಾಡಿಗಿಂತ ಕರಕರ ಸದ್ದೇ ಜಾಸ್ತಿ ಬರುತ್ತದೆ. ಸ್ಟೀಲ್ ಮುಳ್ಳನ್ನು ಪ್ರತಿ ಮಗ್ಗುಲಿಗೆ ಬದಲಾಯಿಸಬೇಕಿತ್ತು, ನಮ್ಮವರು ತಿಂಗಳುಗಟ್ಟಲೆ ಅದರಲ್ಲೇ ಓಡಿಸಿದರು, ಅದರ ಫಲ ಇದು. ಅಂಚಿನ ಸುತ್ತ ಉಗುರು ಆಡಿಸಿ, ಕೂದಲೆಳೆಯ ಬಿರುಕು ಕಣ್ಣಿಗಿಂತ ಉಗುರಿಗೆ ಬೇಗ ಸಿಗುತ್ತದೆ. ಇವು ಅರಗಿನ ತಟ್ಟೆಗಳು, ಕೈ ಜಾರಿದರೆ ಹಪ್ಪಳ. ಬಿಸಿಲಿಗೆ ಸೊಟ್ಟಗಾಗುತ್ತವೆ, ಏಪ್ರಿಲ್ ತಿಂಗಳಲ್ಲಿ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಊಟಕ್ಕೆ ಹೋಗಬೇಡಿ. ಕೊರಿಯರ್ ಆದರೆ ಎರಡು ತಟ್ಟೆಗಳ ನಡುವೆ ರಟ್ಟು ಹಾಕಿ ನಿಲ್ಲಿಸಿ ಪ್ಯಾಕ್ ಮಾಡಿ ಅಂತ ಮೊದಲೇ ಹೇಳಿ.

ಗ್ರಾಮಫೋನ್ ಯಂತ್ರದ ವಿಷಯದಲ್ಲಿ ಒಂದೇ ಮಾತು. ಚೌಕ ಮರದ ಪೆಟ್ಟಿಗೆ, ಮೇಲೆ ಕನ್ನಡಿಯಂತೆ ಹೊಳೆಯುವ ಹಿತ್ತಾಳೆ ಕಹಳೆ, ನಾಯಿ ಚಿತ್ರದ ಹೊಸ ಪಟ್ಟಿ, ಇದು ಮೂರೂ ಒಟ್ಟಿಗೆ ಕಂಡರೆ ಹೆಚ್ಚಿನಂಶ ಇತ್ತೀಚೆಗೆ ಜೋಡಿಸಿದ್ದೇ. ಹಿಡಿಕೆ ತಿರುಗಿಸಿ ತಟ್ಟೆ ಓಡಿಸಿ ನೋಡಿ, ಮರದ ತಳಕ್ಕೆ ಬಡಿದ ಸ್ಕ್ರೂಗಳ ತಲೆ ನೋಡಿ. ಪ್ಲಸ್ ಗುರುತಿನ ಸ್ಕ್ರೂ ಇದ್ದರೆ ನೂರು ವರ್ಷದ ಮಾತು ಅಲ್ಲಿಗೇ ನಿಲ್ಲಿಸಿ.

ಹಿತ್ತಾಳೆ, ತಾಮ್ರದ ಸಾಮಾನು ಸಾವಿರ ಬಗೆ, ಎಲ್ಲ ಹೇಳುತ್ತಾ ಕೂರಲಾರೆ. ಸವೆತ ಎಲ್ಲಿದೆ ನೋಡಿ, ಸಾಕು. ತಂಬಿಗೆಯ ಕುತ್ತಿಗೆ, ಅಡಕೊತ್ತಿನ ಹಿಡಿಕೆ, ಸೇರಿನ ಬಾಯಂಚು ಕೈ ಆಡಿ ಆಡಿ ನುಣ್ಣಗಾಗಿರಬೇಕು. ಎಲ್ಲ ಕಡೆ ಒಂದೇ ಥರ ಕಪ್ಪು, ಮೂಲೆಗಳಲ್ಲಿ ಹಸಿರು ಪುಡಿ ಇದ್ದರೆ ಯಾರೋ ಆಸಿಡ್ ಬಳಿದು ವಯಸ್ಸು ಏರಿಸಿದ್ದಾರೆ. ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತಾರೆ. ಅದನ್ನು ಕೆಡುಕು ಅಂದುಕೊಂಡು ಉಜ್ಜಿ ತೆಗೆಸುವವರಿದ್ದಾರೆ. ತೆಗೆಸಬೇಡಿ, ಆ ಹೆಸರೇ ಅದರ ಜಾತಕ.

ನವಲಗುಂದದ ಹಳೇ ಜಮಖಾನೆ ಲಿಲಾವಿಗೆ ಬಂದರೆ ಪೂರ್ತಿ ಬಿಡಿಸಿ ನೋಡದೆ ಕೂಗಬೇಡಿ. ಮಡಿಕೆ ಬಿದ್ದ ಗೆರೆಗುಂಟ ದಾರ ಕಡಿದಿರುತ್ತದೆ. ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಹತ್ತಿದರೆ ಒಗೆದ ದಿನ ಅದರಲ್ಲಿ ನೇಯ್ದ ನವಿಲೂ ಪಗಡೆ ಹಾಸೂ ಒಂದಾಗುತ್ತವೆ. ಹಳೇ ಕಾಗದ ಪತ್ರಗಳಿಗೂ ಒಳ್ಳೇ ಗಿರಾಕಿ ಇದ್ದಾರೆ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿಗೆ ಸೇರಿದ್ದ ಕಾಲದ ಸ್ಟಾಂಪ್ ಪೇಪರು, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಪತ್ರ ಇದ್ದರೆ ರದ್ದಿಗೆ ಹಾಕುವ ಮುಂಚೆ ಯಾರಿಗಾದರೂ ತೋರಿಸಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ಕಾನೂನಿನ ವಿಷಯ ಬೇಸರ ತರಿಸುತ್ತದೆ, ಆದರೂ ಓದಿ. 1972 ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ವಿಗ್ರಹ, ಚಿತ್ರದಂಥ ವಸ್ತು ಪುರಾತನ ವಸ್ತು. ಹಸ್ತಪ್ರತಿಗಳಿಗೆ 75 ವರ್ಷ. ಕಲ್ಲು, ಲೋಹ, ಮರದ ವಿಗ್ರಹ, ಹಳೇ ಚಿತ್ರ, ಚಿತ್ರ ಇರುವ ಹಸ್ತಪ್ರತಿ ಇಂಥವನ್ನು ಭಾರತೀಯ ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು. ಇಲಾಖೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ. ದೇಶದ ಒಳಗೆ ಕೊಳ್ಳಬಹುದು, ಮಾರಬಹುದು, ಆದರೆ ಅದನ್ನೇ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗೇ ಇಲ್ಲ. ಅಮೆರಿಕದ ಅಳಿಯನಿಗೆ ಉಡುಗೊರೆ ಅಂತ ಪೆಟ್ಟಿಗೆಯಲ್ಲಿ ಹಾಕಿದರೂ ತಪ್ಪೇ. ಆನೆದಂತ, ಹುಲಿ ಚರ್ಮ, ಜಿಂಕೆ ಕೊಂಬು ಎಷ್ಟೇ ಹಳೆಯದಾಗಲಿ ಮುಟ್ಟಬೇಡಿ, ಅದು ವನ್ಯಜೀವಿ ಕಾಯ್ದೆ. ‘ಲಕ್ಕುಂಡಿ ಹತ್ತಿರ ಹೊಲದಾಗ ಸಿಕ್ಕಿದ್ದು ರೀ, ಯಾರಿಗೂ ಹೇಳಬ್ಯಾಡ್ರಿ’ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಮಾರುವುದಲ್ಲ.

ಸರಿ, ಹರಾಜಿನ ದಿನ. ಆನ್‌ಲೈನ್ ಆದರೆ ಹಿಂದಿನ ದಿನವೇ ರಿಜಿಸ್ಟರ್ ಮಾಡಿಕೊಳ್ಳಿ, ಆಧಾರ್, ಪ್ಯಾನ್, ಕೆಲವು ಕಡೆ ಡಿಪಾಸಿಟ್ಟೂ ಕೇಳುತ್ತಾರೆ. ಕೂತು ನೋಡಿದರೆ ತಲೆ ಕೆಡುತ್ತದೆ ಅನ್ನುವವರು ಗರಿಷ್ಠ ಮೊತ್ತ ಬರೆದುಕೊಟ್ಟು ಸುಮ್ಮನಿರಬಹುದು, ನಿಮ್ಮ ಪರವಾಗಿ ಅವರೇ ಹಂತ ಹಂತವಾಗಿ ಏರಿಸುತ್ತಾರೆ. ಕೊನೇ ಗಳಿಗೆಯಲ್ಲಿ ಒತ್ತಿದರೆ ಟೈಮರ್ ಮತ್ತೆ ಒಂದೆರಡು ನಿಮಿಷ ಮುಂದೆ ಹೋಗುವ ವ್ಯವಸ್ಥೆ ಹಲವು ಕಡೆ ಇದೆ, ಹಾಗಾಗಿ ಕಡೇ ಸೆಕೆಂಡಿನ ಜಾಣತನ ನಡೆಯುವುದಿಲ್ಲ. ಎದುರಿಗಿರುವವನು ಏರಿಸುತ್ತಲೇ ಹೋದರೆ ಅವನಿಗೆ ಏನೋ ಗೊತ್ತು ಅಂತ ನಾವೂ ಏರಿಸುತ್ತೇವೆ. ಅವನೂ ನಮ್ಮನ್ನು ನೋಡಿ ಅದನ್ನೇ ಅಂದುಕೊಂಡಿರುತ್ತಾನೆ. ಚೀಟಿ ನೋಡಿ, ಲ್ಯಾಪ್‌ಟಾಪ್ ಮುಚ್ಚಿ, ಎದ್ದು ಒಂದು ಚಹಾ ಕುಡಿಯಿರಿ. ಮಾರಾಟವಾಗದೆ ಉಳಿದ ಲಾಟುಗಳ ಬಗ್ಗೆ ಮರುದಿನ ಫೋನ್ ಮಾಡಿ ಕೇಳಿದರೆ ಕೆಲವು ಸಲ ರಿಸರ್ವಿಗೇ ಸಿಗುತ್ತವೆ. ನನ್ನ ಅತ್ಯುತ್ತಮ ಅಡಕೊತ್ತು ಬಂದಿದ್ದು ಹಾಗೆ.

ನೀವೇ ಮಾರುವವರಾದರೆ ಕೇಳಬೇಕಾದ್ದು ಇಷ್ಟು: ಮಾರುವವನ ಕಮಿಷನ್ ಎಷ್ಟು, ಫೋಟೋ ಮತ್ತು ವಿಮೆ ಖರ್ಚು ಯಾರದು, ಮಾರಾಟ ಆಗದಿದ್ದರೆ ವಾಪಸ್ ಕಳಿಸುವ ದುಡ್ಡು ಯಾರದು, ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ. ಎಲ್ಲ ಕಾಗದದ ಮೇಲೆ. ಹಳೇ ಬಿಲ್ಲು, ಆ ವಸ್ತುವಿನ ಜೊತೆ ಅಜ್ಜ ಕೂತ ಫೋಟೋ, ಏನಿದ್ದರೂ ಕೊಡಿ, ಬೆಲೆ ಏರುತ್ತದೆ. ನಾಲ್ಕು ತುಂಡಿನ ಸೆಟ್ ಅನ್ನು ಅಣ್ಣತಮ್ಮಂದಿರು ಹಂಚಿಕೊಂಡು ಬಿಡಿಬಿಡಿಯಾಗಿ ಮಾರಿದರೆ ನಾಲ್ವರಿಗೂ ನಷ್ಟ.

ಪಾರ್ಸೆಲ್ ಬಂದಾಗ ಬಿಚ್ಚುವುದನ್ನು ಮೊಬೈಲಿನಲ್ಲಿ ಮೊದಲಿಂದ ಕೊನೆ ತನಕ ವಿಡಿಯೋ ಮಾಡಿ, ಮಧ್ಯದಲ್ಲಿ ನಿಲ್ಲಿಸಬೇಡಿ. ನಾಣ್ಯಗಳನ್ನು ಮೆತ್ತನೆ ಪಿವಿಸಿ ಕವರಿನಲ್ಲಿ ಇಡಬೇಡಿ, ವರ್ಷದೊಳಗೆ ಹಸಿರು ಜಿಗುಟು ಕೂರುತ್ತದೆ. ಲಾಟ್ ನಂಬರ್ ಅಂಟಿಸಿದ ಚೀಟಿ, ಬಿಲ್ಲು, ಕ್ಯಾಟಲಾಗಿನ ಪುಟ ಮೂರನ್ನೂ ಒಂದು ಕವರಿನಲ್ಲಿ ಹಾಕಿಡಿ. ನನ್ನ 1901 ರ ಲಾಟೀನಿನ ಬಿಲ್ಲೂ ಹಾಗೇ ಇದೆ. ಲಾಟೀನು ಪಡಸಾಲೆಯಲ್ಲಿ ತೂಗುತ್ತಿದೆ, ಕರೆಂಟ್ ಹೋದಾಗ ಚೆನ್ನಾಗಿ ಉರಿಯುತ್ತದೆ.